ಕಣ್ಣಿನ ರೂಮಿಗೆ ಕಲ್ಲಿನ ದಾರಿ

ಹೊರರೋಗಿ ವಿಭಾಗದ ಬಾಗಿಲು ಬೆಳಗ್ಗೆ ಎಂಟಕ್ಕೆ ತೆರೆಯುತ್ತಿತ್ತು. ನಾನು ಏಳಕ್ಕೆ ಐದು ನಿಮಿಷ ಇರುವಾಗಲೇ ಅಲ್ಲಿರುತ್ತಿದ್ದೆ. ಕೃಷ್ಣಮೂರ್ತಿಪುರಂನ ಮನೆಯಿಂದ ನಡೆದರೆ ಇಪ್ಪತ್ತೆರಡು ನಿಮಿಷ, ಮಳೆ ಬಂದರೆ ಇಪ್ಪತ್ತೈದು. ನರ್ಸಿಂಗ್ ಕಲಿಯುವಾಗ ನಾಲ್ಕೂವರೆ ಗಂಟೆಗೆ ಏಳುವುದು, ಹಾಸಿಗೆಯ ನಾಲ್ಕು ಮೂಲೆಯನ್ನೂ ಒಂದೇ ಅಳತೆಗೆ ಮಡಿಸುವುದು, ಬಾಗಿಲು ತೆಗೆದವರೇ ಬಾಗಿಲು ಹಾಕುವುದು, ಇವು ಮೈಗೆ ಹತ್ತಿಬಿಟ್ಟಿದ್ದವು. ಇಂದಿಗೂ ನಮ್ಮ ಮನೆಯಲ್ಲಿ ಚಮಚಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ.

ಐವತ್ತರ ದಶಕದ ನಡುವಿನ ವರ್ಷಗಳು. ನಾನು ಹೊರರೋಗಿ ವಿಭಾಗದ ಸಿಸ್ಟರ್ ಆಗಿ ಬಂದಾಗ ನಮ್ಮ ಆಸ್ಪತ್ರೆಯ ಹಳೆಯ ಕಟ್ಟಡಕ್ಕೆ ಹೊಸದೊಂದು ಕಟ್ಟಡ ಆಗಷ್ಟೇ ಸೇರಿತ್ತು. ನಡುವೆ ಮೂರು ವರಾಂಡ. ಮೂರಕ್ಕೂ ಒಂದೇ ಕಮಾನು, ಒಂದೇ ಹಸಿರು ಬಾಗಿಲು, ಒಂದೇ ಕೆಂಪು ಗಾರೆಯ ನೆಲ. ರಸ್ತೆಯಲ್ಲಿ ನಿಂತು ನೋಡುವವರಿಗೆ ಬಹಳ ಚೆಂದ. ಒಳಗೆ ಬಂದವರಿಗೆ ಮಾತ್ರ ಯಾವ ವರಾಂಡ ಯಾವುದೆಂದು ತಿಳಿಯುತ್ತಿರಲಿಲ್ಲ. ಬಾಗಿಲ ಮೇಲಿನ ಬೋರ್ಡುಗಳಲ್ಲಿ ಇಂಗ್ಲಿಷು ದೊಡ್ಡದು, ಕನ್ನಡ ಚಿಕ್ಕದು. ಹಳ್ಳಿಯಿಂದ ಬರುವ ಬಹುಪಾಲು ಜನರಿಗೆ ಎರಡೂ ಒಂದೇ, ಓದಲು ಬರುತ್ತಿರಲಿಲ್ಲ.

ಹಾಗಾಗಿ ದಾರಿ ಹೇಳುವ ಕೆಲಸವೆಲ್ಲ ಬಾಗಿಲಲ್ಲಿದ್ದ ಜವಾನನದು. ಲಷ್ಕರ್ ಮೊಹಲ್ಲಾದವನು. ದನಿ ಎಂದರೆ ದನಿ. ಅವನು ಗೇಟಿನಲ್ಲಿ ಕೆಮ್ಮಿದರೆ ಹೆರಿಗೆ ವಾರ್ಡಿನಲ್ಲಿ ಕೂಸು ಬೆಚ್ಚುತ್ತಿತ್ತು. ದಿನಕ್ಕೆ ನೂರು ಸಲ ಒಂದೇ ಪಾಠ.

"ನೆಟ್ಟಗೆ ಹೋಗಿ, ಎರಡನೇ ವರಾಂಡದಲ್ಲಿ ಎಡಕ್ಕೆ ತಿರುಗಿ, ನಾಲ್ಕನೇ ಬಾಗಿಲು."

"ಎಡಕ್ಕೆ ಅಂದ್ರೆ ಮೂಡ್ಲಾ ಪಡುವ್ಲಾ ಸ್ವಾಮಿ?" ಒಬ್ಬ ರೈತ ಒಮ್ಮೆ ಕೇಳಿದ.

"ಇಲ್ಲಿ ಸೂರ್ಯ ಕಾಣಲ್ಲ ಕಣಯ್ಯ. ನಿಂಗೆ ಎಡಗೈ ಯಾವ್ದು ಅಂತ ಗೊತ್ತಿಲ್ವಾ?"

"ಗೊತ್ತು. ಆದ್ರೆ ನಾನು ತಿರುಗಿದ್ರೆ ಅದೂ ತಿರುಗ್ತದಲ್ಲ ಸ್ವಾಮಿ!"

ಜವಾನ ನನ್ನ ಕಡೆ ನೋಡಿದ. ರೈತ ಹೇಳಿದ್ದು ನಿಜವೇ ಆಗಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ ಹದಿನೈದು ನಿಮಿಷ ಇರುವಾಗ, ಹಲ್ಲಿನ ವಿಭಾಗದ ಸಾಲಿನಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಸಣ್ಣ ಆಕೃತಿ, ಕೈಯಲ್ಲಿ ಕೋಲು, ಸೊಂಟದಲ್ಲಿ ಎಲೆಅಡಿಕೆ ಚೀಲ. ಮುಂದಿದ್ದವರೆಲ್ಲ ಕೆನ್ನೆ ಹಿಡಿದುಕೊಂಡು ನರಳುತ್ತಿದ್ದರೆ ಇವಳು ಮಾತ್ರ ಹಸನ್ಮುಖಿ.

"ಯಾವ ಹಲ್ಲು ಅಜ್ಜಿ?" ಎಂದೆ.

"ಹಲ್ಲಾ? ಇರೋವೇ ಮೂರು, ಅವು ಚೆಂದಾಗವೆ ಕನವ್ವ. ಕಣ್ಣು ತೋರ್ಸಾಕೆ ಬಂದಿವ್ನಿ."

"ಇದು ಹಲ್ಲಿನ ಸಾಲು ಅಜ್ಜಿ."

"ಅದ್ಕೇ ಎಲ್ರೂ ಇಂಗೆ ನರಳ್ತಾವ್ರಾ! ಕಣ್ಣು ನೋಡೋಕೆ ಇಷ್ಟೊಂದು ನೋವು ಮಾಡ್ತಾರಾ ಅಂತ ಎದೆ ಗಟ್ಟಿ ಮಾಡ್ಕೊಂಡು ನಿಂತಿದ್ದೆ."

ಬೆಳಗ್ಗೆ ಎಂಟೂವರೆಯಿಂದ ಆ ಸಾಲಿನಲ್ಲಿ ನಿಂತಿದ್ದಳಂತೆ. ಎರಡೂ ಕಣ್ಣಿಗೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಜನ ಅವಳಿಗೆ ನೆರಳಿನಂತೆ ಕಾಣುತ್ತಿದ್ದರು, ಅಷ್ಟೆ.

ಪೊರೆ ತೆಗೆಸಿಕೊಳ್ಳುವವರ ಹೆಸರನ್ನು ಕಣ್ಣಿನ ವಿಭಾಗದಲ್ಲಿ ಮಂಗಳವಾರ ಮಾತ್ರ, ಬೆಳಗ್ಗೆ ಹತ್ತರವರೆಗೆ ಬರೆದುಕೊಳ್ಳುತ್ತಿದ್ದರು. ಹತ್ತಾದ ಮೇಲೆ ಕಣ್ಣಿನ ಡಾಕ್ಟರು ಆಪರೇಷನ್ ಕೋಣೆಗೆ ಹೋಗಿಬಿಡುತ್ತಿದ್ದರು. ಬೇಸಿಗೆ, ಮಳೆಗಾಲಗಳಲ್ಲಿ ಕಣ್ಣಿಗೆ ಕತ್ತರಿ ಹಾಕುವುದಿಲ್ಲ ಎಂಬುದು ಆಗಿನ ಪದ್ಧತಿ. ಶಿವರಾತ್ರಿ ಬಂತೆಂದರೆ ನಿಲ್ಲಿಸಿ, ಮತ್ತೆ ದಸರಾ ಕಳೆದ ಮೇಲೆ ಶುರು. ಶಿವರಾತ್ರಿಗೆ ಮುಂಚೆ ಇನ್ನು ಉಳಿದದ್ದು ಮೂರು ಮಂಗಳವಾರ.

"ದಸರಾಗಂಟ ಕಾಯಾಕಾಗಾಕಿಲ್ಲ ಕನವ್ವ," ಎಂದಳು. ತಿರುಮಕೂಡಲು ಕಡೆಯ ಹಳ್ಳಿ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು ಅವಳ ಕಸುಬು. ಬಿಸಿನೀರಿನಲ್ಲಿ ಗೂಡು ಬೇಯುತ್ತಿರುವಾಗ ಪ್ರತಿ ಗೂಡಿನ ಎಳೆಯ ತುದಿ ಹುಡುಕಿ, ನಾಲ್ಕೈದು ಎಳೆ ಸೇರಿಸಿ ಚರಕಕ್ಕೆ ಕೊಡಬೇಕು. ನಲವತ್ತು ವರ್ಷ ಮಾಡಿದವಳು. ಈಗ ಎಳೆ ಸಿಗುತ್ತಿಲ್ಲ. "ಸೊಸೆ ಚರಕದ ಮುಂದೆ ಕೂರ್ತಾಳೆ. ನಾನು ಒಲೆಗೆ ಸೌದೆ ತುರುಕ್ತಾ ಕೂತಿವ್ನಿ. ಅವ್ಳು ಬಿಚ್ಚಿದ ನೂಲು ಮುಟ್ಟಿದ್ರೆ ಗೊತ್ತಾಯ್ತದೆ, ಒಂದ್ಕಡೆ ದಪ್ಪ ಒಂದ್ಕಡೆ ಸಣ್ಣ. ಬಾಯಿ ಬುಟ್ರೆ ಜಗಳ. ಬಿಡ್ದಿದ್ರೆ ನಂಗೆ ಹೊಟ್ಟೆನೋವು. ದಸರಾಗಂಟ ಇಂಗೇ ಇದ್ರೆ ಚರಕ ಅವ್ಳದ್ದೇ ಆಗೋಯ್ತದೆ, ಆಮೇಲೆ ಕಣ್ಣು ಬಂದೂ ಏನು ನೋಡ್ಲಿ?"

ಜೊತೆಗೆ ಯಾರೂ ಇಲ್ಲವೇ ಎಂದರೆ, ಪಕ್ಕದ ಮನೆಯ ಹೂವಿನವಳು ಬಸ್ಸಿನಲ್ಲಿ ಕರೆತಂದು, ಬಸ್‌ಸ್ಟ್ಯಾಂಡಿನಿಂದಲೇ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಾಳಂತೆ. ಅಲ್ಲಿಂದ ಆಸ್ಪತ್ರೆಗೆ ಇವಳೊಬ್ಬಳೇ. ಬರುವ ಮಂಗಳವಾರ ತಪ್ಪದೆ ಬಾ, ಅಷ್ಟರಲ್ಲಿ ಏನಾದರೂ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನವೇ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಅವರು ಕಾಗದದಿಂದ ತಲೆ ಎತ್ತದೆ ಕೇಳಿದರು: "ಸಿಸ್ಟರ್, ದೂರು ತಂದಿದ್ದೀರೋ, ಉಪಾಯ ತಂದಿದ್ದೀರೋ?"

"ಸದ್ಯಕ್ಕೆ ದೂರು ಸರ್."

"ಹಾಗಾದರೆ ನಾಳೆ ಬನ್ನಿ."

ಮಾರನೆಯ ಬೆಳಗ್ಗೆ ವರಾಂಡಗಳು ಕವಲೊಡೆಯುವ ಜಾಗದಲ್ಲಿ ನೋಟ್‌ಬುಕ್ ಹಿಡಿದು ಅರ್ಧ ಗಂಟೆ ನಿಂತೆ. ತಪ್ಪು ಕಡೆ ತಿರುಗಿದ ಪ್ರತಿಯೊಬ್ಬರಿಗೂ ಒಂದು ಗೀಟು. ಪುಟ ತುಂಬಿ ಹಿಂಬದಿಗೂ ಹೋಯಿತು. ಹನ್ನೊಂದಕ್ಕೆ ಉಪಾಯದೊಂದಿಗೆ ಹೋದೆ: ಓದಲು ಬಾರದವರಿಗೂ ಬಣ್ಣ ಗೊತ್ತಲ್ಲ. ಬಾಗಿಲಿಂದ ಕಣ್ಣಿನ ರೂಮಿಗೆ ನೆಲದ ಮೇಲೆ ಒಂದು ಹಳದಿ ಗೆರೆ, ಔಷಧಿ ರೂಮಿಗೆ ಹಸಿರು, ತಾಯಿ ಮಕ್ಕಳ ವಿಭಾಗಕ್ಕೆ ನೀಲಿ. ಹಳದಿ ಮಾತ್ರ ಅಂಗೈ ಅಗಲ, ಮಬ್ಬುಗಣ್ಣಿಗೂ ಕಾಣುವಷ್ಟು. ಗೆರೆ ಹಿಡಿದು ನಡೆದರೆ ಸಾಕು. ಸೂಪರಿಂಟೆಂಡೆಂಟರು ಒಪ್ಪಿದರು. ಮಂಚಗಳಿಗೆ ಬಣ್ಣ ಬಳಿಯುವವನನ್ನು ಭಾನುವಾರ ಕರೆಸಿ, ನಾನೇ ದಾರ ಎಳೆದು ಹಿಡಿದು, ಮೂರು ಗೆರೆ ಹಾಕಿಸಿದೆ. ಒಂದು ಕೂದಲಿನಷ್ಟೂ ಸೊಟ್ಟ ಇರಲಿಲ್ಲ. ಆ ರಾತ್ರಿ ಬಹಳ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ನನ್ನ ರಜೆ. ಮಂಗಳವಾರ ಬೆಳಗ್ಗೆ ಏಳೂವರೆಗೇ ಒಂದು ಜಟಕಾ ಮಗುಚಿ ಏಳೆಂಟು ಜನ ಗಾಯಗೊಂಡು ಬಂದರು. ಡ್ರೆಸ್ಸಿಂಗ್ ರೂಮಿನಿಂದ ನಾನು ತಲೆ ಹೊರಗೆ ಹಾಕಿದಾಗ ಹತ್ತು ಗಂಟೆ ಹತ್ತು ನಿಮಿಷ. ವರಾಂಡದಲ್ಲಿ ಕಂಡದ್ದನ್ನು ಇಂದಿಗೂ ಮರೆತಿಲ್ಲ.

ಹಳದಿ ಗೆರೆಯ ಉದ್ದಕ್ಕೂ ಜನ ಸಾಲಾಗಿ ನಿಂತಿದ್ದರು. ಹಸಿರು ಗೆರೆಗೆ ಇನ್ನೊಂದು ಸಾಲು, ನೀಲಿಗೆ ಮತ್ತೊಂದು. ಎಲ್ಲರ ಹೆಬ್ಬೆರಳೂ ಗೆರೆಗೆ ತಾಗಿಯೂ ತಾಗದಂತೆ. ಮಾತಿಲ್ಲ, ನೂಕುನುಗ್ಗಲಿಲ್ಲ. ಅಷ್ಟು ಶಿಸ್ತಿನ ಜನವನ್ನು ನಾನು ಆ ಆಸ್ಪತ್ರೆಯಲ್ಲಿ ಅದುವರೆಗೆ ನೋಡಿರಲಿಲ್ಲ.

"ಯಾಕಪ್ಪ ಹೀಗೆ ನಿಂತಿದ್ದೀರಿ?" ಎಂದು ಮೊದಲಿನವನನ್ನು ಕೇಳಿದೆ.

"ಗೆರೆ ಹಾಕವ್ರಲ್ಲ ಅಮ್ಮಾವ್ರೇ. ಕೂಗೋಗಂಟ ನಿಂತಿವ್ನಿ."

"ಯಾರು ಕೂಗಬೇಕು?"

"ಯಾರು ಕೊಡ್ತಾರೋ ಅವ್ರು!"

ಅವನ ಹಿಂದಿದ್ದವನ ಕೈಯಲ್ಲಿ ಖಾಲಿ ಡಬ್ಬ ಇತ್ತು. "ಸೀಮೆಎಣ್ಣೆ ಎಷ್ಟೊತ್ತಿಗೆ ಬತ್ತದೆ ಅಮ್ಮಾವ್ರೇ?" ಎಂದ. ವಾರ್ಡಿನಲ್ಲಿದ್ದ ಭಾವಮೈದುನನನ್ನು ನೋಡಲು ಬಂದವನು, ಗೆರೆ ಕಂಡು, ಜನ ಕಂಡು, ಓಡಿ ಹೋಗಿ ಯಾರದೋ ಮನೆಯಿಂದ ಡಬ್ಬ ಕೇಳಿ ತಂದಿದ್ದ.

ಆಗ ನನಗೆ ಹೊಳೆಯಿತು. ರೇಷನ್ನಿನ ಕಾಲ ಮುಗಿದು ಇನ್ನೂ ಎರಡು ಮೂರು ವರ್ಷವೂ ಆಗಿರಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಎಲ್ಲಕ್ಕೂ ಡಿಪೋ ಮುಂದೆ ಸುಣ್ಣದ ಗೆರೆ ಎಳೆದು, ಅದರ ಹಿಂದೆ ನಿಲ್ಲಿಸುತ್ತಿದ್ದರು. ಗೆರೆ ಮೀರಿ ಕಾಲಿಟ್ಟವನನ್ನು ಎಳೆದು ಸಾಲಿನ ಕೊನೆಗೆ ತಳ್ಳುತ್ತಿದ್ದರು. ನಾನೂ ನಿಂತವಳೇ. ನೆಲದ ಮೇಲಿನ ಗೆರೆ ಎಂದರೆ ನಿಲ್ಲು ಎಂದು ಇಡೀ ಸೀಮೆಗೆ ವರ್ಷಗಟ್ಟಲೆ ಕಲಿಸಿದ ಮೇಲೆ, ನಾನೊಬ್ಬಳು ಒಂದು ಭಾನುವಾರದಲ್ಲಿ ಅದನ್ನು ನಡೆ ಎಂದು ಬದಲಾಯಿಸಲು ಹೊರಟಿದ್ದೆ.

ಹಳದಿ ಸಾಲಿನ ನಡುವೆ ನಮ್ಮ ಅಜ್ಜಿ ಇದ್ದಳು. ನನ್ನ ದನಿ ಗುರುತಿಸಿ ಮುಖ ಅರಳಿಸಿದಳು.

"ಬಂದ್ಬುಟ್ಯಾ ಮಗಾ? ಗೆರೆ ಅದೆ ಅಂತ ಯೋಳಿದ್ರು, ನಿಂತ್ಕೊಂಡೆ. ಒಂದು ಬೆರಳೂ ಮೀರ್ಲಿಲ್ಲ ಕನವ್ವ."

ಕಣ್ಣಿನ ವಿಭಾಗಕ್ಕೆ ಓಡಿದೆ. ಆಸ್ಪತ್ರೆಯಲ್ಲಿ ನರ್ಸು ಓಡಬಾರದು. ಬೆಂಕಿ ಬಿದ್ದರೆ ಮಾತ್ರ ಓಡಬಹುದು ಎಂದು ನಮಗೆ ಕಲಿಸಿದ್ದರು. ಓಡಿದರೂ ಪ್ರಯೋಜನವಾಗಲಿಲ್ಲ. ರಿಜಿಸ್ಟರ್ ಮುಚ್ಚಿತ್ತು, ಡಾಕ್ಟರು ಒಳಗೆ ಹೋಗಿದ್ದರು. ಮೊದಲ ಸಲ ಕಟ್ಟಡ ಅವಳ ದಾರಿ ತಪ್ಪಿಸಿತ್ತು. ಎರಡನೆಯ ಸಲ ತಪ್ಪಿಸಿದವಳು ನಾನು.

ಅವಳನ್ನು ಬೆಂಚಿನ ಮೇಲೆ ಕೂರಿಸಿ ಕ್ಯಾಂಟೀನಿನಿಂದ ಕಾಫಿ ತರಿಸಿದೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಊದಿ ಊದಿ ಕುಡಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೊನೆಗೆ ನಾನೇ ಕೇಳಿದೆ: "ಅಜ್ಜಿ, ಬಸ್‌ಸ್ಟ್ಯಾಂಡಿನಿಂದ ಇಷ್ಟು ದೂರ ಒಬ್ಬಳೇ ಸರಿಯಾಗಿ ಬರುತ್ತೀಯಲ್ಲ, ಹೇಗೆ?"

"ಕಾಲು ಕರ್ಕೊಂಬತ್ತದೆ. ಬಸ್ಸಿಳಿದ್ರೆ ಡಾಂಬರು, ಬೆಚ್ಚಗಿರ್ತದೆ. ಕುದುರೆ ಗಾಡಿ ನಿಲ್ಲೋ ತಾವ ಹುಲ್ಲು, ಮೆತ್ತಗೆ. ಆಮೇಕೆ ಜಲ್ಲಿ ಚುಚ್ತದೆ, ಆಗ ಆಸ್ಪತ್ರೆ ಗೇಟು ಬಂತು ಅಂತ. ಒಳೀಕೆ ಬಂದ್ರೆ ಮುಗೀತು. ನೆಲ ಎಲ್ಲಾ ಒಂದೇ ತರ, ಎಣ್ಣೆ ಸವರ್ದಂಗೆ. ಕಾಲ್ಗೂ ಪೊರೆ ಬಂದಂಗಾಯ್ತದೆ."

ನಾನು ನನ್ನ ಕಾಲು ನೋಡಿಕೊಂಡೆ. ಬಿಳಿ ಕ್ಯಾನ್ವಾಸ್ ಷೂ. ಆಮೇಲೆ ವರಾಂಡದ ಕಡೆ ನೋಡಿದೆ. ಬಂದವರಲ್ಲಿ ಅರ್ಧ ಜನ ಚಪ್ಪಲಿಯನ್ನೇ ಹಾಕದವರು; ಹಾಕಿದವರೂ ದೇವಸ್ಥಾನಕ್ಕೆ ಬಂದವರಂತೆ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಷೂ ಹಾಕಿದ್ದವರು ನಾವು ಮಾತ್ರ, ದಾರಿ ತಪ್ಪದವರೂ ನಾವು ಮಾತ್ರ.

ಅಂದು ಸಂಜೆಯೇ ಮೊದಲ ಕೆಲಸವಾಗಿ ಮೂರು ಗೆರೆಗಳನ್ನೂ ನೆಲದಿಂದ ಉಜ್ಜಿಸಿ, ಭುಜದೆತ್ತರದಲ್ಲಿ ಗೋಡೆಗೆ ಏರಿಸಲು ಹೇಳಿದೆ. ಗೋಡೆಯ ಗೆರೆಗೆ ಯಾರೂ ನಿಲ್ಲಲಿಲ್ಲ. ಕೈಯಾಡಿಸಿಕೊಂಡು ನಡೆದೇ ಹೋದರು. ಔಷಧಿ ರೂಮಿನವರಿಗೆ, ತಾಯಂದಿರಿಗೆ ಅಷ್ಟು ಸಾಕಾಯಿತು. ಕಣ್ಣಿನವರಿಗೆ ಸಾಲದು. ಅವರು ಗೋಡೆಯನ್ನೇ ಸರಿಯಾಗಿ ಕಾಣರು.

ಹೊಸ ಕಟ್ಟಡಕ್ಕಾಗಿ ಹಳೆಯ ಅಡಿಗೆಮನೆಯನ್ನು ಕೆಡವಿದ್ದರು. ಅದರ ನೆಲಕ್ಕಿದ್ದ ಕಲ್ಲುಚಪ್ಪಡಿಗಳು ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು. ನೀರು ಚೆಲ್ಲಿದರೂ ಜಾರದಂತೆ ಉಳಿಯಿಂದ ಒರಟಾಗಿ ಹೊಡೆದ ಕಲ್ಲು. ಕಲ್ಲುಕುಟಿಗನೊಬ್ಬ ಹೊಸ ಕಟ್ಟಡದ ಮೆಟ್ಟಿಲು ಕೂರಿಸುತ್ತಿದ್ದ. ದಟ್ಟಗಳ್ಳಿಯವನು, ಆಗ ಅದು ಹೊಲಗಳ ನಡುವಿನ ಹಳ್ಳಿ, ಅಲ್ಲಿಂದ ದಿನಾ ನಡೆದೇ ಬರುತ್ತಿದ್ದ. ಅವನಿಗೆ ನನ್ನ ಯೋಚನೆ ಹೇಳಿದೆ: ಹೊರಬಾಗಿಲಿಂದ ಕಣ್ಣಿನ ರೂಮಿನವರೆಗೆ ಗೋಡೆಯ ಪಕ್ಕ ಒಂದಡಿ ಅಗಲ ನೆಲ ಅಗೆದು, ಈ ಕಲ್ಲು ಕೂರಿಸಬೇಕು. ಕಾಲು ಒರಟಿನ ಮೇಲೆ ಇದ್ದರೆ ದಾರಿ ಸರಿ, ನುಣುಪಿಗೆ ಹೋದರೆ ತಪ್ಪು.

ಅವನು ಉಳಿ ಕೆಳಗಿಟ್ಟ. "ಜನ ಎಲ್ಲಾ ಒರಟು ನೆಲ ಕಿತ್ತು ನುಣ್ಣಗೆ ಮಾಡು ಅಂತಾರೆ. ನುಣ್ಣಗಿರೋದ್ನ ಅಗೆದು ಒರಟು ಮಾಡು ಅಂದೋರು ನೀವೊಬ್ರೇ ಕಣಮ್ಮ."

"ಆಗುತ್ತೋ ಇಲ್ಲವೋ ಅಷ್ಟು ಹೇಳು."

"ಆಗದೇ ಏನು? ಸಾಹೇಬ್ರು ನನ್ನ ತಲೆ ಒಡೀದಿದ್ರೆ ಸರಿ."

ಸಾಹೇಬರನ್ನು ಹಿತ್ತಿಲಿಗೇ ಕರೆತಂದೆ. ಕಲ್ಲುಕುಟಿಗ ಹತ್ತು ಚಪ್ಪಡಿಗಳನ್ನು ಸಾಲಾಗಿ, ನಡುವೆ ಒಂದು ತಿರುವು ಕೊಟ್ಟು, ಹಳೆಯ ಗಾರೆಕಟ್ಟೆಯ ಮೇಲೆ ಜೋಡಿಸಿದ್ದ. ಸೂಪರಿಂಟೆಂಡೆಂಟರು ಅದರ ಮೇಲೆ ಅತ್ತಿಂದಿತ್ತ ನಡೆದರು. "ಏನೂ ವ್ಯತ್ಯಾಸ ಕಾಣುತ್ತಿಲ್ಲವಲ್ಲ ಸಿಸ್ಟರ್?"

"ಷೂ ಬಿಚ್ಚಬೇಕು ಸರ್."

ಗೇಟಿನ ಜವಾನ ಕುರ್ಚಿ ಹಿಡಿದು ಬಂದವನು ಅಲ್ಲೇ ನಿಂತ. ಸೂಪರಿಂಟೆಂಡೆಂಟರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಕುರ್ಚಿಯಲ್ಲಿ ಕೂತು ಲೇಸು ಬಿಚ್ಚಿದರು. ಕಾಲುಚೀಲವನ್ನು ಮಡಿಸಿ ಷೂ ಒಳಗಿಟ್ಟರು. ಅದು ನನಗೆ ಮೆಚ್ಚುಗೆಯಾಯಿತು. ನಾನು ಏಪ್ರನ್ನಿನ ಜೇಬಿನಿಂದ ಬ್ಯಾಂಡೇಜಿನ ಸುರುಳಿ ತೆಗೆದು ಅವರ ಕಣ್ಣಿಗೆ ಎರಡು ಸುತ್ತು ಕಟ್ಟಿದೆ.

ಅವರು ಮೊದಲ ಹೆಜ್ಜೆಯನ್ನು ಕೆರೆಗೆ ಇಳಿಯುವವರಂತೆ ಇಟ್ಟರು. ಎರಡನೆಯದು, ಮೂರನೆಯದು. ತಿರುವಿನಲ್ಲಿ ಬಲಗಾಲು ನುಣುಪಿಗೆ ಜಾರಿತು. ಹಿಂದಕ್ಕೆಳೆದು, ಹೆಬ್ಬೆರಳಿನಿಂದ ತಡಕಿ, ಕಲ್ಲು ಸಿಕ್ಕಿದ ಕಡೆಗೆ ತಾವೇ ತಿರುಗಿದರು. ಕೊನೆಯ ಕಲ್ಲಿನ ಮೇಲೆ ನಿಂತು, "ಮುಗಿಯಿತು!" ಎಂದು ಕೂಗಿದರು. ಬ್ಯಾಂಡೇಜು ಬಿಚ್ಚಲು ಹೋದರೆ ತಡೆದರು. ಹಿಂದಕ್ಕೆ ಬಂದರು. ಮತ್ತೆ ಹೋದರು. ಮೂರನೆಯ ಸಲ ಕೈ ಬೀಸಿಕೊಂಡು ಹೋದರು.

"ಸಾಹೇಬ್ರು ಇವತ್ತು ಆಟ ಬಿಡೋ ಹಾಗೆ ಕಾಣಲ್ಲ ಕಣ್ರೀ," ಎಂದ ಜವಾನ, ಅವನ ಮಟ್ಟಿಗೆ ಪಿಸುಮಾತಿನಲ್ಲಿ. ಇಡೀ ಹಿತ್ತಿಲಿಗೆ ಕೇಳಿಸಿತು. ಮೊದಲು ನಕ್ಕವರು ಸೂಪರಿಂಟೆಂಡೆಂಟರೇ.

ಆದರೂ ಷೂ ಹಾಕಿಕೊಳ್ಳುವ ಹೊತ್ತಿಗೆ ಮತ್ತೆ ಅಧಿಕಾರಿಯಾದರು. "ಹೊಸ ನೆಲ ಅಗೆಸುತ್ತಿದ್ದೀರಿ. ಮೇಲಿನವರಿಗೆ ನಾನು ಉತ್ತರ ಕೊಡಬೇಕು. ಶಿವರಾತ್ರಿಗೆ ಮುಂಚಿನ ಕೊನೆಯ ಮಂಗಳವಾರ ಆ ಅಜ್ಜಿ ಯಾರೂ ಕೈ ಹಿಡಿಯದೆ ಹತ್ತರೊಳಗೆ ಕಣ್ಣಿನ ರೂಮು ತಲುಪಿದರೆ ಕಲ್ಲು ಇರುತ್ತದೆ. ಇಲ್ಲದಿದ್ದರೆ ಕೀಳಿಸಿ ಮತ್ತೆ ಗಾರೆ ಹಾಕಿಸುತ್ತೇನೆ. ಆಯಿತೇ?"

"ಆಯಿತು ಸರ್."

ರೋಗಿಗಳ ಗಾಡಿಯ ಚಕ್ರ ಕಲ್ಲಿಗೆ ತಾಗಬಾರದೆಂದು ಎಡಗೋಡೆಗೆ ಒತ್ತಿಯೇ ಕೂರಿಸಿದೆವು. ಎಡ ಯಾವುದೆಂಬ ವಾದವೇ ಬೇಡವೆಂದು ಬಾಗಿಲ ಒಳಗೆ ಅಡ್ಡಕ್ಕೆ ಪೂರ್ತಿ ಒರಟು ಕಲ್ಲು ಹಾಸಿ ಅಲ್ಲಿಂದ ಸಾಲು ಹೊರಡಿಸಿದೆವು, ಯಾರ ಕಾಲಿಗಾದರೂ ಅದು ಸಿಗಲೇಬೇಕು. ದಾರಿ ಮುಗಿಯಿತೆಂದು ತಿಳಿಯುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಕಲ್ಲುಕುಟಿಗ ರಾಶಿಯಿಂದ ಅಡಿಗೆಮನೆಯ ಹಳೆಯ ಹೊಸಿಲುಗಲ್ಲನ್ನು ಎಳೆದು ತಂದ. ಎಷ್ಟೋ ವರ್ಷದ ಕಾಲು ತಾಗಿ ನಡುವೆ ತಟ್ಟೆಯಂತೆ ಸವೆದಿತ್ತು. "ಇದ್ರಲ್ಲಿ ಕಾಲಿಟ್ಟೋರು ಬಾಗಿಲು ಬಂತು ಅಂತ ತಿಳೀದೆ ಇರಾಕಿಲ್ಲ," ಎಂದ. ಕಣ್ಣಿನ ರೂಮಿನ ಮುಂದೆ ಅದನ್ನೇ ಕೂರಿಸಿದ.

ಅದರ ಮುಂದಿನ ಮಂಗಳವಾರ ಕೆಲಸ ಅರ್ಧಕ್ಕೆ ಬಂದಿತ್ತು. ಅಜ್ಜಿ ಬರಲಿಲ್ಲ. ಬದಲಿಗೆ ಹೂವಿನವಳು ಬುಟ್ಟಿ ಸಮೇತ ಗೇಟಿಗೆ ಬಂದು ನನ್ನನ್ನು ಕೇಳಿದಳು. "ಗೂಡು ಬೇಯ್ಸೋ ಕೆಲ್ಸ ಬಿದ್ದದೆ. ಸೊಸೆ ಕಳ್ಸಲಿಲ್ಲ. ಮುಂದಿನ ವಾರ ಬತ್ತಳೆ ಅಂತ ಯೋಳೋಕೆ ಬಂದೆ ಕನವ್ವ."

"ಮುಂದಿನ ವಾರವೇ ಕೊನೆ ಎಂದು ಹೇಳು. ಸೊಸೆಗೂ ಹೇಳು. ಬಾಗಿಲು ದಾಟಿದ ಮೇಲೆ ಕಾಲಿಗೆ ಒರಟು ಕಲ್ಲು ಸಿಗುತ್ತದೆ, ಅದನ್ನು ಬಿಡಬಾರದು ಎಂದು ಹೇಳು."

"ಕಲ್ಲಾ? ಅಷ್ಟೇನಾ?"

"ಅಷ್ಟೇ."

ಕೊನೆಯ ಮಂಗಳವಾರ ನಾನು ಆರಕ್ಕೇ ಹೋದೆ. ಕಲ್ಲುಸಾಲನ್ನು ಬರಿಗಾಲಲ್ಲಿ ಎರಡು ಸಲ ನಡೆದು ನೋಡಿದೆ. ಜವಾನನಿಗೆ ಆ ದಿನ ಬಾಯಿ ತೆರೆಯಬಾರದೆಂದು ಹೇಳಿದ್ದೆ. ಅವನಿಗೆ ಅದು ಉಪವಾಸಕ್ಕಿಂತ ಕಷ್ಟವಾಗಿತ್ತು. ಒಂಬತ್ತು ಐವತ್ತೈದರವರೆಗೆ ನೋಡುವುದು, ಆಗಲೂ ಅವಳು ತಲುಪದಿದ್ದರೆ ನಾನೇ ಎತ್ತಿಕೊಂಡಾದರೂ ಹೋಗಿ ಹೆಸರು ಬರೆಸುವುದು, ಕಲ್ಲು ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ಗಡುವು ಹಾಕಿಕೊಂಡಿದ್ದೆ.

ಒಂಬತ್ತೂವರೆಯಾಯಿತು. ಒಂಬತ್ತು ನಲವತ್ತು. ಒಂಬತ್ತು ನಲವತ್ತೆರಡಕ್ಕೆ ಕೋಲು ಕಾಣಿಸಿತು.

ಅಡ್ಡಗಲ್ಲಿನ ಮೇಲೆ ಕಾಲಿಟ್ಟವಳು ನಿಂತಳು. ಪಾದವನ್ನು ಅತ್ತಿತ್ತ ಉಜ್ಜಿದಳು. ನಕ್ಕಳು. ಅಲ್ಲಿಂದ ಸರಸರನೆ ಸಾಲು ಹಿಡಿದಳು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡುಬಿಟ್ಟಳು! ನಾನು ಇನ್ನೊಂದು ಗೋಡೆಯ ಪಕ್ಕ ಸದ್ದಿಲ್ಲದೆ ಜೊತೆಗೆ ನಡೆದೆ. ಮೊದಲ ತಿರುವು ಸರಿಯಾಗಿ ತಿರುಗಿದಳು. ಎರಡನೆಯ ವರಾಂಡದ ನಡುವೆ ಬಂದು ತಟ್ಟನೆ ನಿಂತಳು.

ಕಲ್ಲುಸಾಲಿನ ಮೇಲೆ ಒಂದು ಸಂಸಾರ ಕೂತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಡುವೆ ಬಿಚ್ಚಿದ ಬುತ್ತಿ. ನಮ್ಮ ಜನ ಎಲ್ಲಿ ಕೂರುತ್ತಾರೆ? ಗೋಡೆಗೆ ಒರಗಿ ಕೂರುತ್ತಾರೆ. ಗಾಡಿಯ ಚಕ್ರವನ್ನು ಯೋಚಿಸಿದವಳು ಬೆನ್ನನ್ನು ಯೋಚಿಸಿರಲಿಲ್ಲ. ಗಡಿಯಾರದಲ್ಲಿ ಒಂಬತ್ತು ನಲವತ್ತೇಳು. ಬಾಯಿ ತೆರೆಯಲು ಹೋದೆ.

ಅಷ್ಟರಲ್ಲಿ ಅಜ್ಜಿ ಬುತ್ತಿಯ ವಾಸನೆ ಹಿಡಿದು, ಕಂಕುಳಿನ ಕೋಲು ತೆಗೆದು ಅದರ ಪಕ್ಕ ನೆಲಕ್ಕೆ ಟಕ್ಕೆಂದು ಕುಟ್ಟಿದಳು.

"ಏಳ್ರಪ್ಪ! ದಾರಿ ಮ್ಯಾಲೆ ಕೂತು ಉಣ್ತಿದ್ದೀರಲ್ಲ, ಮನೇಲಿ ಜಾಗ ಇಲ್ವಾ?"

"ದಾರಿ ಎಲ್ಲಿದೆ ಅಜ್ಜಿ ಇಲ್ಲಿ?" ಎಂದ ಗಂಡ, ತುತ್ತು ಕೈಯಲ್ಲೇ.

"ನಿನ್ನ ಕೆಳ್ಗೇ ಅದೆ! ಕಣ್ಣಿರೋನು ನೀನು, ನಂಗೆ ಕೇಳ್ತೀಯಾ?"

ಬುತ್ತಿ ಎದ್ದಿತು, ಮಕ್ಕಳು ಎದ್ದರು. ಎಲ್ಲರೂ ಎದುರುಗೋಡೆಗೆ ಸರಿದರು. ಅಜ್ಜಿ ಮುಂದೆ ನಡೆದಳು. ಒಂಬತ್ತು ಐವತ್ತೊಂದಕ್ಕೆ ಅವಳ ಪಾದ ಸವೆದ ಹೊಸಿಲುಗಲ್ಲಿನ ತಟ್ಟೆಗೆ ಇಳಿಯಿತು. ಅಲ್ಲೇ ನಿಂತು ಹಿಮ್ಮಡಿಯನ್ನು ಮುಂದಕ್ಕೂ ಹಿಂದಕ್ಕೂ ತೂಗಿದಳು. "ಇದ್ಯಾವ್ದೋ ಹಳೇ ಮನೆ ಬಾಗ್ಲು ಕನವ್ವ," ಎಂದಳು, ಯಾರಿಗೆಂದಿಲ್ಲ. ಒಳಗಿನಿಂದ ಕಾಂಪೌಂಡರ್ "ಹೆಸರು?" ಎಂದ. ಹೇಳಿದಳು. ಅವನು ಬರೆದುಕೊಂಡ.

ಹಿಂದಿರುಗಿ ನೋಡಿದರೆ ವರಾಂಡದ ತುದಿಯಲ್ಲಿ ಸೂಪರಿಂಟೆಂಡೆಂಟರು ನಿಂತಿದ್ದರು. ಕೈಗಡಿಯಾರ ನೋಡಿ, ಒಮ್ಮೆ ತಲೆಯಾಡಿಸಿ, ಹೊರಟುಹೋದರು. ಮಧ್ಯಾಹ್ನದೊಳಗೆ ಎದುರುಗೋಡೆಗೆ ಉದ್ದಕ್ಕೂ ಬೆಂಚುಗಳು ಬಂದವು. ಗೇಟಿನಲ್ಲಿ ಜವಾನ ಕಟ್ಟಿಟ್ಟಿದ್ದ ಬಾಯನ್ನು ಬಿಚ್ಚಿ, ಬಂದವರಿಗೆಲ್ಲ ಒಂದೇ ಮಾತು: "ಕಣ್ಣಿನ ರೂಮಾ? ನನ್ನ ಕೇಳಬೇಡಿ, ನಿಮ್ಮ ಕಾಲು ಕೇಳಿ!"

ಮಾರನೆಯ ದಿನ ಒಂದು ಕಣ್ಣಿನ ಪೊರೆ ತೆಗೆದರು. ಆಗೆಲ್ಲ ಆಪರೇಷನ್ ಆದ ಮೇಲೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಅಲುಗಾಡದಂತೆ ದಿನಗಟ್ಟಲೆ ಮಲಗಿಸುತ್ತಿದ್ದರು. "ಮೂಟೆ ನಡುವೆ ಇನ್ನೊಂದು ಮೂಟೆ ಆಗಿವ್ನಿ," ಎಂದು ಅಕ್ಕಪಕ್ಕದ ಮಂಚದವರನ್ನು ನಗಿಸಿ, ಅವರ ಕಟ್ಟು ಅಲುಗಾಡಿಸುತ್ತಿದ್ದಳೆಂದು ವಾರ್ಡಿನ ಸಿಸ್ಟರ್ ನನ್ನ ಬಳಿ ದೂರಿದಳು. ಕಟ್ಟು ಬಿಚ್ಚಿ ಮನೆಗೆ ಕಳಿಸುವ ದಿನ ನಾನೂ ಹೋದೆ. ಕನ್ನಡಕ ಆರು ವಾರದ ಮೇಲೆ ಕೊಡುವುದು. ಅಲ್ಲಿಯವರೆಗೆ ಎಲ್ಲವೂ ಮಂಜು ಮಂಜೇ, ಬಣ್ಣ ಬೆಳಕು ಮಾತ್ರ ತಿಳಿಯುತ್ತದೆ. ಅವಳು ಕಲ್ಲುಸಾಲಿನ ಮೇಲೆ ನಿಂತು ತಲೆ ಬಗ್ಗಿಸಿ ನೋಡಿದಳು.

"ಇದೇನಾ ಅದು? ಇದ್ಯಾಕೆ ಇಂಗೆ ಕರ್ರಗದೆ? ತೊಳೆಯಾಕಿಲ್ವಾ ನೀವು?"

ಬಗ್ಗಿ ನೋಡಿದೆ. ಉಳಿಯ ಗೀಟುಗಳ ಒಳಗೆಲ್ಲ ನೂರಾರು ಪಾದಗಳ ಮಣ್ಣು ಕೂತಿತ್ತು. ಒರೆಸುವ ಬಟ್ಟೆ ಮೇಲಿಂದ ಮೇಲೆ ಜಾರಿ ಹೋಗುತ್ತಿತ್ತು. ನನ್ನ ವಿಭಾಗದಲ್ಲಿ ಕೊಳೆ ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಮಾರನೆಯ ಬೆಳಗ್ಗೆಯಿಂದ ಏಳೂಕಾಲಿಗೆ ತೆಂಗಿನ ನಾರಿನ ಬ್ರಷ್ಷಿನಲ್ಲಿ ಕಲ್ಲುಸಾಲು ಉಜ್ಜುವುದು ದಿನಚರಿಗೆ ಸೇರಿತು. ನಾನು ಅಲ್ಲಿರುವವರೆಗೂ ಅದು ಒಂದು ದಿನವೂ ತಪ್ಪಲಿಲ್ಲ.

ಆರು ವಾರ ಕಳೆದು ಕನ್ನಡಕದ ದಿನ ಬಂತು. ಹತ್ತಾದರೂ ಅಜ್ಜಿ ಕಣ್ಣಿನ ರೂಮಿಗೆ ಬರಲಿಲ್ಲ. ಗೇಟಿನ ಜವಾನ, ಅವಳು ಒಂಬತ್ತಕ್ಕೇ ಒಳಗೆ ಹೋದಳು ಎಂದ. ಹುಡುಕಿಕೊಂಡು ಹೊರಟೆ. ಹಲ್ಲಿನ ವಿಭಾಗದ ಬೆಂಚಿನ ಮೇಲೆ, ಮೊದಲ ದಿನ ನಿಂತಿದ್ದ ಅದೇ ಜಾಗದ ಪಕ್ಕ, ಕಾಲು ಆಡಿಸುತ್ತ ಕೂತಿದ್ದಳು.

"ಇಲ್ಲೇನು ಮಾಡುತ್ತಿದ್ದೀಯ ಅಜ್ಜಿ? ಕಲ್ಲು ಬಿಟ್ಟುಬಿಟ್ಟೆಯಾ?"

"ಬುಟ್ಬುಟ್ಟೆ ಕನವ್ವ. ಕೆಂಪು ನೆಲ, ಹಸ್ರು ಬಾಗ್ಲು, ಬಿಳೀ ಬಿಳೀ ಸೀರೆ, ಅದೆಷ್ಟು ಬಣ್ಣ ಇಲ್ಲಿ! ನೋಡ್ಕೊಂಡು ನೋಡ್ಕೊಂಡು ಬಂದೆ. ಎಲ್ಲಿಗೆ ಬಂದೆ ಅಂತ ಗೊತ್ತಾಗ್ಲಿಲ್ಲ. ನೀನು ಹುಡುಕ್ತೀಯ ಅಂತ ಕೂತ್ಕೊಂಡೆ."

ಕರೆದುಕೊಂಡು ಹೋಗಲು ಕೈ ಚಾಚಿದೆ. ಬೇಡ ಎಂದಳು. ವರಾಂಡಗಳು ಕೂಡುವ ಜಾಗಕ್ಕೆ ಬಂದು, ಪಾದದಿಂದ ಕಲ್ಲು ಹುಡುಕಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನಗುತ್ತ ಕಣ್ಣಿನ ರೂಮಿನವರೆಗೆ ನೆಟ್ಟಗೆ ನಡೆದುಬಿಟ್ಟಳು.

ದಪ್ಪ ಗಾಜಿನ ಕನ್ನಡಕವನ್ನು ಕಾಂಪೌಂಡರ್ ಅವಳ ಕಿವಿಗೆ ಸಿಕ್ಕಿಸಿದ. ಅವಳು ಗೋಡೆಯ ಅಕ್ಷರದ ಹಲಗೆಯನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ನನ್ನ ಕಡೆ ಒಂದು ಹೆಜ್ಜೆ ಬಂದು ಸೆರಗಿನ ಅಂಚು ಹಿಡಿದಳು. ಅಂದು ಬೆಳಗ್ಗೆ ಇಸ್ತ್ರಿ ಮಾಡಿದ ಸೀರೆ. ಹೆಬ್ಬೆರಳು ತೋರುಬೆರಳಿನ ನಡುವೆ ಏನನ್ನೋ ಹಿಡಿದು ಮೆಲ್ಲಗೆ ಎಳೆದಳು. ಬೆಳಕಿಗೆ ಹಿಡಿದಾಗಲೇ ನನಗೆ ಕಂಡದ್ದು: ಕೂದಲಿಗಿಂತ ತೆಳುವಾದ ಒಂದು ಬಿಳಿಯ ಎಳೆ.

"ಸಿಕ್ತು," ಎಂದಳು ಅಜ್ಜಿ. ಎಳೆಯನ್ನು ಪಟ್ಟೆಂದು ಕಿತ್ತು, ಬೆರಳಿಗೆ ಸುತ್ತಿಕೊಂಡು, ಹೂವಿನವಳು ಕಾಯುತ್ತಾಳೆ, ಹನ್ನೊಂದರ ಬಸ್ಸು ತಪ್ಪಿದರೆ ಇವತ್ತೂ ಸೊಸೆಯೇ ಚರಕದ ಮುಂದೆ ಕೂರುತ್ತಾಳೆ ಎನ್ನುತ್ತ ಹೊರಟಳು.